ಆಗಾಗ ಎಂಬ ಒಂದು ಮಾತು

ನಮ್ಮ ಮನೆಯಲ್ಲಿ ಅನ್ನದೊಳಗೆ ಕಲ್ಲು ಸಿಕ್ಕರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅರಳೆ ಸಿಕ್ಕರೆ ಮಾತ್ರ ಅವ್ವ ತಲೆಯೆತ್ತಿ ಅಪ್ಪನ ಮುಖ ನೋಡುತ್ತಿದ್ದಳು. ಅಪ್ಪ ಗಾದಿ ಮಾಡುವವನು. ಚನ್ನಗಿರಿಯ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ನಮ್ಮದು ಉದ್ದಕ್ಕೆ ಮೂರು ಅಂಕಣದ ಮನೆ. ಮುಂದಿನ ಪಡಸಾಲೆ ಅಪ್ಪನ ಕಸುಬಿಗೆ, ನಡುವಿನ ಕೋಣೆ ಮಲಗಲಿಕ್ಕೆ, ಹಿಂದಿನದು ಅಡಿಗೆಗೆ. ಪಡಸಾಲೆಯ ತೊಲೆಗೆ ಆಳೆತ್ತರದ ಬಿಲ್ಲೊಂದು ತೂಗುತ್ತಿತ್ತು. ಅದರ ನರದ ಹಗ್ಗವನ್ನು ಅರಳೆಯ ರಾಶಿಗೆ ತಾಗಿಸಿ ಮರದ ಗುಂಡಿನಿಂದ ಅಪ್ಪ ಮೀಟುತ್ತಿದ್ದರೆ ಅರಳೆ ಎಳೆಎಳೆಯಾಗಿ ಬಿಡಿಸಿಕೊಂಡು ಗಾಳಿಗೆ ಏಳುತ್ತಿತ್ತು. ಹಾಗೆ ಎದ್ದದ್ದು ಎಲ್ಲಿಗೆ ಬೇಕಾದರೂ ಹೋಗಿ ಕೂರುತ್ತಿತ್ತು. ನಮ್ಮ ರೆಪ್ಪೆಯ ಮೇಲೆ, ಹಾಲಿನ ಕೆನೆಯ ಮೇಲೆ, ಅವ್ವ ನಮಾಜಿಗೆ ಮಡಿಸಿಟ್ಟ ಬಟ್ಟೆಯ ಮೇಲೆ. ಪಡಸಾಲೆಗೂ ಒಳಮನೆಗೂ ನಡುವಿನ ಬಾಗಿಲಿಗೆ ಅವ್ವ ದಿನಾ ಬೆಳಗ್ಗೆ ಹಳೆಯ ಸೀರೆಯೊಂದನ್ನು ನೆನೆಸಿ ಇಳಿಬಿಡುತ್ತಿದ್ದಳು. ಸಂಜೆಯ ಹೊತ್ತಿಗೆ ಸೀರೆಯ ಒಂದು ಮೈ ಬಣ್ಣದ್ದು, ಇನ್ನೊಂದು ಮೈ ಪೂರಾ ಬಿಳಿ. ಶಾಲೆಯಲ್ಲಿ ನನ್ನನ್ನು ಹುಡುಗಿಯರು ಮುದುಕಿ ಎಂದು ಕರೆಯುತ್ತಿದ್ದರು. ಎಷ್ಟು ಬಾಚಿದರೂ ನನ್ನ ಜಡೆಯಲ್ಲಿ ನಾಲ್ಕು ಬಿಳಿ ಎಳೆ ಉಳಿದೇ ಇರುತ್ತಿದ್ದವು.

ನಾವು ನದಾಫರು, ಅರಳೆ ಹಿಂಜುವ ಕಸುಬಿನ ಮುಸಲ್ಮಾನರು. ದೇವರ ಮುಂದೆ ಅರಬ್ಬಿ, ಪೇಟೆಯ ಸಾಹುಕಾರರ ಮುಂದೆ ಒಂದಿಷ್ಟು ಉರ್ದು, ಉಳಿದ ಬದುಕಿಗೆಲ್ಲ ಕನ್ನಡವೇ. ಜಗಳವಂತೂ ಪೂರ್ತಿ ಕನ್ನಡದಲ್ಲಿ. ನನಗಿಂತ ದೊಡ್ಡವರಾದ ಇಬ್ಬರು ಅಕ್ಕಂದಿರು ಮದುವೆಯಾಗಿ ಹೋಗಿದ್ದರು. ಮನೆಯಲ್ಲಿ ಉಳಿದದ್ದು ಅಪ್ಪ, ಅವ್ವ ಮತ್ತು ಕಾಸಿಂಬಿ ಎಂಬ ನಾನು. ಆಗ ನನಗೆ ಹತ್ತು ವರ್ಷ ಇರಬಹುದು. ಶಾಲೆ ಬಿಟ್ಟ ಮೇಲೆ ಪಡಸಾಲೆಯ ಮೂಲೆಯಲ್ಲಿ ಕೂತು ಮಗ್ಗಿ ಬರೆಯುವುದು, ಅಪ್ಪ ಗಾದಿಗೆ ಹೊಲಿಗೆ ಹಾಕುವಾಗ ಉದ್ದನೆಯ ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ದಿನಚರಿ.

ಅಪ್ಪನ ಬಗ್ಗೆ ಹೇಳಬೇಕೆಂದರೆ ಎರಡು ಬಾಯಿಂದ ಹೇಳಬೇಕಾಗುತ್ತದೆ. ಇಮಾಮಸಾಬಿ ಎಂದರೆ ಊರಿನಲ್ಲಿ ನಂಬಿಕೆ. ಹೊಸ ಗಾದಿ ಬೇಕು ಎಂದು ಬಂದವರ ಹಳೆಯ ಗಾದಿಯನ್ನು ಬಿಚ್ಚಿಸಿ, ಒಳಗಿನ ಅರಳೆಯನ್ನು ಮುಷ್ಟಿಯಲ್ಲಿ ಹಿಡಿದು, ಇದರಲ್ಲಿ ಇನ್ನೂ ಜೀವ ಐತೆ, ಹಿಂಜಿ ಕೊಡ್ತೀನಿ, ಹೊಸದು ಯಾಕೆ ಎಂದು ತನ್ನ ವ್ಯಾಪಾರವನ್ನು ತಾನೇ ಹಾಳು ಮಾಡಿಕೊಳ್ಳುತ್ತಿದ್ದ. ಮದುವೆಯ ಗಾದಿಗೆ ಒಳಗೆ ಹಳೆಯ ಅರಳೆ, ಮೇಲೆ ಹೊಸದು ತುಂಬುವ ಕೆಲಸ ಅವನ ಕೈಯಿಂದ ಒಮ್ಮೆಯೂ ಆಗಲಿಲ್ಲ. ಅದು ಒಂದು ಬಾಯಿ. ಇನ್ನೊಂದು, ತನ್ನ ಕೆಲಸದ ಮೇಲೆ ಯಾರಾದರೂ ಒಂದು ಮಾತು ಆಡಿದರೆ ಅವನಿಗೆ ಮೈಯೆಲ್ಲ ಉರಿ. ಕ್ಷೌರದವನೊಬ್ಬ ಯಾವಾಗಲೋ, ನಿನ್ನ ದಿಂಬು ಗಂಟು ಬಿತ್ತಲ್ಲ ಇಮಾಮಣ್ಣ ಎಂದು ನಗುತ್ತಾ ಹೇಳಿದ್ದಕ್ಕೆ ಅಪ್ಪ ಮೂರು ವರ್ಷ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅಷ್ಟೂ ದಿನ ಅವ್ವನೇ ಅವನ ಕೂದಲು ಕತ್ತರಿಸಿದಳು. ಅವ್ವನಿಗೆ ಕತ್ತರಿ ಹಿಡಿದು ಬಟ್ಟೆ ಕತ್ತರಿಸುವುದು ಮಾತ್ರ ಗೊತ್ತಿತ್ತು. ಅಪ್ಪ ಮೂರು ವರ್ಷ ಇಲಿ ಕಚ್ಚಿದಂಥ ತಲೆಯಲ್ಲೇ ಶುಕ್ರವಾರದ ನಮಾಜಿಗೆ ಹೋಗಿ ಬಂದ. ಸಿಟ್ಟನ್ನು ಕಳೆದುಕೊಳ್ಳುವುದಕ್ಕಿಂತ ಮರ್ಯಾದೆ ಕಳೆದುಕೊಳ್ಳುವುದು ಅವನಿಗೆ ಸುಲಭವಾಗಿತ್ತು.

ಎದುರು ಮನೆ ಗಿರಿಜಮ್ಮನದು. ಗಂಡ ತೀರಿಕೊಂಡ ಮೇಲೆ ಹಪ್ಪಳ, ಸಂಡಿಗೆ ಮಾಡಿ ಮದುವೆ ಮನೆಗಳಿಗೆ ಕೊಟ್ಟು ಬದುಕು ನಡೆಸುತ್ತಿದ್ದಾಕೆ. ನಾನು ಆಕೆಯನ್ನು ಗಿರಿಜತ್ತೆ ಎನ್ನುತ್ತಿದ್ದೆ. ಒಬ್ಬಳೇ ಮಗಳು ಸರೋಜಕ್ಕ, ಆಗ ಇಪ್ಪತ್ತರ ಆಸುಪಾಸು. ನನಗೆ ಓದು ಹೇಳಿಕೊಟ್ಟದ್ದು, ಹೇನು ತೆಗೆದದ್ದು, ಜಡೆಯೊಳಗಿನ ಅರಳೆಯನ್ನು ಒಂದೊಂದೇ ಎಳೆಯಾಗಿ ಬಿಡಿಸಿದ್ದು ಅವಳೇ. ರಂಜಾನಿನಲ್ಲಿ ಅವ್ವ ಉಪವಾಸ ಬಿಡುವ ಹೊತ್ತಿಗೆ ಗಿರಿಜತ್ತೆಯ ಮನೆಯಿಂದ ಬೆಲ್ಲದ ಪಾನಕ ಬರುತ್ತಿತ್ತು. ಅವರ ಮನೆಯಲ್ಲಿ ಶಿವರಾತ್ರಿ ಜಾಗರಣೆಯಾದರೆ ಮರುದಿನ ಅವರ ಹಾಲನ್ನು ಅವ್ವನೇ ತಂದು ಇಡುತ್ತಿದ್ದಳು. ಎರಡು ಮನೆಗಳ ನಡುವೆ ತೊಡಕು ಇದ್ದದ್ದು ಒಂದೇ. ಗಾದಿಗೂ ಸಂಡಿಗೆಗೂ ಬೇಕಾದದ್ದು ಅದೇ ಬಿಸಿಲು, ಅದೇ ಮದುವೆ ತಿಂಗಳು. ಗಿರಿಜತ್ತೆ ಸಂಡಿಗೆ ಹಾಕುವ ದಿನ ಬೆಳಗ್ಗೆಯೇ ಬಾಗಿಲಲ್ಲಿ ನಿಂತು, ಇವತ್ತು ಹಾಕೀನಿ ಇಮಾಮಣ್ಣ ಎಂದು ಕೂಗುತ್ತಿದ್ದಳು. ಅಪ್ಪ ಬೀದಿ ಕಡೆಯ ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿಕೊಂಡು ಒಳಗೆ ಬೆವರಿನಲ್ಲಿ ಮುಳುಗಿ ಹಿಂಜುತ್ತಿದ್ದ. ಎಷ್ಟೋ ವರ್ಷ ಹೀಗೇ ನಡೆದಿತ್ತು.

ಆ ವರ್ಷ ಒಂದು ದಿನ ಅಪ್ಪ ಕಿಟಕಿ ಮುಚ್ಚುವುದನ್ನು ಮರೆತ. ಗಾಳಿ ಎದ್ದಿತು. ಓಣಿಯ ಉದ್ದಕ್ಕೂ ಹಳೆಯ ಸೀರೆಗಳ ಮೇಲೆ ಸಾಲಾಗಿ ಇಟ್ಟ ಅಕ್ಕಿ ಸಂಡಿಗೆ ಇನ್ನೂ ಹಸಿ ಇತ್ತು. ಅರಳೆ ಹೋಗಿ ಅದರ ಮೇಲೆ ಕೂತಿತು. ಹಸಿ ಹಿಟ್ಟಿಗೆ ಅಂಟಿದ ಅರಳೆಯನ್ನು ದೇವರು ಬಂದರೂ ಬಿಡಿಸಲಾರ. ಎರಡು ಮದುವೆ ಮನೆಗೆ ಮಾಡಿದ್ದ ಸಂಡಿಗೆ ಅಷ್ಟೂ ಹಾಳಾಯಿತು. ಬೆಳಗಿನ ಜಾವಕ್ಕೆ ಎದ್ದು ಹಿಟ್ಟು ಗೊಟಾಯಿಸಿದ್ದ ಗಿರಿಜತ್ತೆಯ ಕೈ ಇನ್ನೂ ಕೆಂಪಗಿತ್ತು. ಅಪ್ಪನ ಪಡಸಾಲೆಯಲ್ಲಿ ಆಗ ಉಬ್ರಾಣಿ ಕಡೆಯ ನಾಲ್ಕು ಜನ ಗಿರಾಕಿಗಳು ಕೂತಿದ್ದರು. ಗಿರಿಜತ್ತೆ ಬಾಗಿಲಿಗೆ ಬಂದು ನಿಂತು ಅವರೆಲ್ಲರ ಮುಂದೆ ಒಂದೇ ಮಾತು ಹೇಳಿದಳು.

"ಕಸುಬು ಗೊತ್ತಿದ್ದೋರು ಅರಳೇನ ಗಾದಿಯೊಳಗೆ ತುಂಬ್ತಾರೆ ಇಮಾಮಣ್ಣ, ಊರ ಮ್ಯಾಲೆ ಅಲ್ಲ."

ಗಿರಾಕಿಗಳಲ್ಲಿ ಒಬ್ಬ ನಕ್ಕ. ತಪ್ಪು ತನ್ನದೇ ಎಂದು ಹೇಳಲು ಅಪ್ಪ ಬಾಯಿ ತೆರೆದಿದ್ದ, ನಾನು ನೋಡಿದ್ದೆ. ಆ ನಗು ಕೇಳಿ ಬಾಯಿ ಮುಚ್ಚಿಕೊಂಡ. ಅವತ್ತಿನಿಂದ ಎದುರು ಮನೆಯ ಜೊತೆ ಅವನ ಮಾತು ನಿಂತಿತು. ಅವ್ವ ಮಾತ್ರ ತನ್ನ ಪಾಡಿಗೆ ಹೋಗಿ ಬಂದು ಮಾಡುತ್ತಿದ್ದಳು.

ಹದಿನೈದು ದಿನವೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಇಬ್ಬರು ಹಿರಿಯರು ದಿಂಬು ನೋಡುವ ನೆಪದಲ್ಲಿ ನಮ್ಮ ಪಡಸಾಲೆಗೆ ಬಂದರು. ಅವ್ವ ಮನೆಯಲ್ಲಿರಲಿಲ್ಲ. ಒಂದೆರಡು ದಿಂಬು ಒತ್ತಿ ನೋಡಿದ ಮೇಲೆ, ನಾವು ಹೊನ್ನಾಳಿಯವರು, ಎದುರು ಮನೆಯ ಹುಡುಗಿಯನ್ನು ನೋಡಿ ಒಪ್ಪಿದ್ದೇವೆ, ಮಾತು ಮುಗಿಸುವ ಮುಂಚೆ ನೆರೆಯವರನ್ನು ಒಂದು ಮಾತು ಕೇಳೋಣ ಅಂತ ಬಂದೆವು ಎಂದರು. ಹೆಣ್ಣು ಕೊಡುವಾಗ, ತರುವಾಗ ಹಾಗೆ ಕೇಳುವುದು ನಮ್ಮ ಕಡೆ ವಾಡಿಕೆ. ಕೇಳಿದವರ ಮುಂದೆ ಯಾರೂ ಏನನ್ನೂ ಮುಚ್ಚಿಡುವುದಿಲ್ಲ. ಅಪ್ಪ ಸೂಜಿಯನ್ನು ಗಾದಿಗೆ ಚುಚ್ಚಿ ನಿಲ್ಲಿಸಿದ. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ.

"ಹುಡುಗಿ ಚಲೋದೈತ್ರಿ, ಕೆಲಸಗಾತಿ. ಆದ್ರೆ ಆಗಾಗ ಮೂರ್ಛೆ ಬರ್ತೈತೆ. ನಾನೇ ಕಣ್ಣಾರೆ ನೋಡೀನಿ."

ಸರೋಜಕ್ಕ ಒಮ್ಮೆ ಬಿದ್ದದ್ದು ನಿಜ. ನಾನು ಇನ್ನೂ ಚಿಕ್ಕವಳಿದ್ದಾಗ, ಯಾವುದೋ ಉಪವಾಸದ ದಿನ ಬಿರುಬಿಸಿಲಲ್ಲಿ ಸಂಡಿಗೆ ಕಾಯುತ್ತಾ ಕೂತವಳು ತಲೆ ತಿರುಗಿ ಬಿದ್ದಿದ್ದಳಂತೆ. ಎತ್ತಿ ನೆರಳಿಗೆ ಹಾಕಿ ನೀರು ಚಿಮುಕಿಸಿದವನು ಅಪ್ಪನೇ. ಆಮೇಲೆ ಅವಳು ಯಾವತ್ತೂ ಬಿದ್ದವಳಲ್ಲ. ಹಾಗಾಗಿ ಅಪ್ಪ ಹೇಳಿದ್ದರಲ್ಲಿ ಸುಳ್ಳು ಇದ್ದದ್ದು ಒಂದೇ ಪದದಲ್ಲಿ. ಒಂದ್ಸಲ ಎನ್ನಬೇಕಾದ ಕಡೆ ಆಗಾಗ ಎಂದಿದ್ದ. ಹೊನ್ನಾಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪಕಾರ ಆತ್ರಿ ಎಂದು ಕೈ ಮುಗಿದು ಹೋದರು. ದಿಂಬು ಕೊಳ್ಳಲಿಲ್ಲ.

ಆ ವಾರವೇ ಸಂಬಂಧ ಮುರಿದ ಸುದ್ದಿ ಬಂತು. ಕಾರಣವೂ ಜೊತೆಗೇ ಬಂತು, ಹೇಳಿದವರ ಹೆಸರು ಮಾತ್ರ ಬರಲಿಲ್ಲ. ಗಿರಿಜತ್ತೆ ನಮ್ಮ ಅಡಿಗೆ ಕೋಣೆಯಲ್ಲಿ ಕೂತು ಅವ್ವನ ಮುಂದೆ ಅತ್ತಳು. ಇಂಥ ಮಾತು ಹಬ್ಬಿದ ಮೇಲೆ ತನ್ನ ಮಗಳನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂದಳು. ಹಬ್ಬಿಸಿದವಳು ಕೆರೆಬಿಳಚಿಯಲ್ಲಿರುವ ತನ್ನ ನಾದಿನಿಯೇ, ಆ ದಿನ ಸರೋಜ ಬಿದ್ದದ್ದು ಅವಳಿಗೆ ಗೊತ್ತಿತ್ತು, ಅವಳ ಮಗಳಿಗೆ ಆ ಹೊನ್ನಾಳಿ ಹುಡುಗ ಬೇಕಿತ್ತು ಎಂದು ತಾನೇ ಲೆಕ್ಕ ಹಾಕಿಕೊಂಡಿದ್ದಳು. ಕೆರೆಬಿಳಚಿಗೆ ಹೋಗಿ ಆ ನಾದಿನಿಯ ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಅಂದು, ಇನ್ನು ನಿನ್ನ ಮನೆಯ ನೀರು ಮುಟ್ಟುವುದಿಲ್ಲ ಎಂದು ಹೇಳಿಯೂ ಬಂದಿದ್ದಳು. ಅವಳು ಇದನ್ನೆಲ್ಲ ಹೇಳುತ್ತಿದ್ದಾಗ ಪಡಸಾಲೆಯಲ್ಲಿ ಬಿಲ್ಲಿನ ಸದ್ದು ನಿಂತುಹೋಗಿತ್ತು.

ಸರೋಜಕ್ಕ ಅಳಲಿಲ್ಲ. ಬಾವಿಗೆ ಹೋಗುವುದನ್ನು ಬಿಟ್ಟಳು. ನನ್ನ ಜಡೆ ಹೆಣೆಯುತ್ತಾ ಒಂದು ದಿನ, ನಾನು ನಿನ್ನ ಮುಂದೆ ಯಾವಾಗಾದ್ರೂ ಬಿದ್ದೀನೇನೇ ಕಾಸೀ ಎಂದು ಕೇಳಿದಳು. ಅವಳಿಗೆ ತನ್ನ ಮೇಲೆ ತನಗೇ ಅನುಮಾನ ಬರತೊಡಗಿತ್ತು. ಇಲ್ಲ ಎಂದೆ. ಮನೆಗೆ ಬಂದು ಊಟಕ್ಕೆ ಕೂತಾಗ ಆ ಪ್ರಶ್ನೆ ನನ್ನ ಗಂಟಲಲ್ಲೇ ಇತ್ತು. ಅವ್ವ ಮುದ್ದೆ ಮುರಿದು ಅಪ್ಪನ ತಟ್ಟೆಗೆ ಹಾಕುತ್ತಿದ್ದಳು. ನಾನು ಕೇಳಿಬಿಟ್ಟೆ.

"ಅಪ್ಪಾ, ಸರೋಜಕ್ಕಗೆ ಆಗಾಗ ಮೂರ್ಛೆ ಬರ್ತೈತಾ?"

ಅಪ್ಪನ ಕೈ ಸಾರಿನಲ್ಲಿ ಹಾಗೇ ನಿಂತಿತು. ಅವ್ವ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅವಳು ಶಾಲೆ ಕಂಡವಳಲ್ಲ, ಆದರೆ ಮುಖ ಓದುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಅವಳಿಗೆ ಎಲ್ಲ ತಿಳಿದುಹೋಯಿತು. ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತ. ಈಗಲೇ ಹೋಗಿ ಗಿರಿಜಮ್ಮನ ಕಾಲು ಹಿಡಿದು ಬರುತ್ತೇನೆ ಎಂದ. ಅವ್ವ ಅವನನ್ನು ತಡೆದಳು. ಬೈಯಲಿಲ್ಲ. ಮೆಲ್ಲಗೆ ಮಾತಾಡಿದಳು.

"ಈಗ ಹೋದ್ರೆ ನಿಮ್ಮ ಎದೆ ಹಗುರ ಆಗ್ತೈತೆ. ಆ ಹುಡುಗಿದು ಏನಾಗ್ತೈತೆ? ಮೊದಲು ಆ ಮಾತು ಎಲ್ಲೆಲ್ಲಿಗೆ ಹೋಗೈತೋ ಅಲ್ಲಿಗೆ ಹೋಗಿ ವಾಪಸ್ ತಗಂಡು ಬರ್ರಿ. ಆಮ್ಯಾಲೆ ಗಿರಿಜಕ್ಕನ ಮುಂದೆ ನಿಂತ್ಕಳ್ರಿ. ಕಾಸೀನೂ ಕರ್ಕಂಡು ಹೋಗ್ರಿ. ಹೇಳಿದಾಗ ಕೇಳ್ಯಾಳೆ, ವಾಪಸ್ ತಗಳ್ಳಾಗಲೂ ಕೇಳ್ಲಿ."

ಮರುದಿನ ಬೆಳಗ್ಗೆ ಅಪ್ಪ ಹಬ್ಬದ ಅಂಗಿ ತೊಟ್ಟು ನನ್ನ ಕೈ ಹಿಡಿದುಕೊಂಡು ಬಸ್ಸು ಹತ್ತಿದ. ಹೊನ್ನಾಳಿಯವರ ಮನೆ ಹೊಳೆಯ ಕಡೆಯ ಓಣಿಯಲ್ಲಿತ್ತು. ಅಂದು ಬಂದಿದ್ದ ಇಬ್ಬರಲ್ಲಿ ಹಿರಿಯರು ಹುಡುಗನ ತಂದೆ. ಗುರುತು ಹಿಡಿದು, ಬರ್ರಿ ಸಾಬ್ರೇ ಎಂದು ಚಾಪೆ ಹಾಸಿಸಿದರು. ಅಪ್ಪ ಕೂರಲಿಲ್ಲ. ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡುತ್ತಿದ್ದದ್ದು ಯಾಕೆಂದು ನನಗೆ ಆಗ ಗೊತ್ತಾಯಿತು. ಆ ಮಾತನ್ನು ಜೋಡಿಸಿಕೊಂಡು ಬಂದಿದ್ದ.

"ಹುಡುಗಿ ಒಂದ್ಸಲ ಬಿಸಿಲಿಗೆ ಬಿದ್ದಿದ್ಲು. ನಾನು ಆಗಾಗ ಅಂದೆ. ಅವರವ್ವನ ಮ್ಯಾಲೆ ಸಿಟ್ಟಿತ್ತು, ಅದಕ್ಕಂದೆ. ಅದು ಸುಳ್ಳು."

ಇಷ್ಟೇ. ಇದಕ್ಕಿಂತ ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಮುಂದೆ ಎಲ್ಲ ಮನೆಗಳಲ್ಲೂ ಇದನ್ನೇ ಹೇಳಿದ. ಹುಡುಗನ ತಂದೆಗೆ ಸಿಟ್ಟು ಬಂತು. ಇಂಥ ವಯಸ್ಸಿನವರ ಮಾತು ನಂಬಿ ಒಳ್ಳೆಯ ಹೆಣ್ಣು ಬಿಟ್ಟೆವಲ್ಲ ಎಂದು ಎದ್ದು ನಿಂತರು. ನಾನು ಅಪ್ಪನ ಅಂಗಿಯ ತುದಿ ಹಿಡಿದುಕೊಂಡೆ. ಕೆಲಸದ ಮೇಲೆ ಅರ್ಧ ಮಾತು ಬಂದರೆ ಉರಿದುಬೀಳುತ್ತಿದ್ದ ಮನುಷ್ಯ ಆ ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿದ. ಅವರು ಸುಸ್ತಾದ ಮೇಲೆ, ಈ ಮಾತನ್ನು ನೀವು ಯಾರ್ಯಾರಿಗೆ ಹೇಳಿದಿರಿ ಎಂದು ಕೇಳಿದ. ನ್ಯಾಮತಿಯಲ್ಲಿರುವ ಹೆಂಡತಿಯ ತಮ್ಮನ ಮನೆಗೆ ಹೇಳಿದ್ದೆವು, ಜಗಳೂರಿನ ಒಬ್ಬ ಹಿರಿಯರಿಗೂ ಹೇಳಿದ್ದೆವು, ನಮ್ಮ ನಂಟರಲ್ಲಿ ಹೆಣ್ಣುಗಂಡು ಕೂಡಿಸುವವರು ಅವರೇ ಎಂದರು.

ನ್ಯಾಮತಿಗೆ ಅವತ್ತೇ ಹೋದೆವು. ಅಲ್ಲಿ ಗಂಡಸರು ಮನೆಯಲ್ಲಿರಲಿಲ್ಲ. ಬಾಗಿಲಲ್ಲಿ ನಿಂತ ಹೆಂಗಸಿಗೆ ಅಪ್ಪ ತನ್ನ ಮಾತು ಹೇಳಿದ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಯ್ಯ, ನಾನೂ ಒಂದು ಸೀಮಂತದ ಮನೆಯಲ್ಲಿ ಮೂರು ಜನಕ್ಕೆ ಹೇಳೀನಲ್ರೀ, ಸಿಕ್ಕಾಗ ಹೇಳ್ತೀನಿ ಬಿಡ್ರಿ ಎಂದಳು. ಅಪ್ಪ ಬಿಡಲಿಲ್ಲ. ಆ ಮೂರು ಮನೆ ತೋರಿಸ್ರಿ ತಾಯಿ ಎಂದ. ಆಕೆಗೆ ನಾಚಿಕೆ, ನನಗೆ ಅದಕ್ಕಿಂತ ನಾಚಿಕೆ. ಮೂರು ಮನೆಯ ಮುಂದೆಯೂ ನಿಂತೆವು. ಗುರುತಿಲ್ಲದ ಒಬ್ಬ ಗಡ್ಡದ ಮನುಷ್ಯ ಹುಡುಗಿಯೊಂದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಾನು ಸುಳ್ಳು ಹೇಳಿದ್ದೆ ಎನ್ನುವುದನ್ನು ಕೇಳಲು ಕಿಟಕಿಗಳಲ್ಲಿ ಮುಖಗಳು ಮೂಡಿದವು. ಮೂರನೇ ಮನೆಯಲ್ಲಿ ಮುದುಕಿಯೊಬ್ಬಳು ನನಗೆ ಮಜ್ಜಿಗೆ ಕೊಟ್ಟಳು. ನಿಮ್ಮಪ್ಪ ಕುಡಿತಾನೇನಮ್ಮ ಎಂದು ಗುಟ್ಟಾಗಿ ಕೇಳಿದಳು. ಇಲ್ಲ ಎಂದದ್ದಕ್ಕೆ ಅವಳಿಗೆ ಆಶ್ಚರ್ಯವಾಯಿತು.

ಜಗಳೂರು ದೂರ. ಅದಕ್ಕೆ ಇನ್ನೊಂದು ದಿನ ಬೇಕಾಯಿತು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಹಸಿರು ಕಮ್ಮಿಯಾಗುತ್ತಾ ಕೆಂಪು ನೆಲ ಹೆಚ್ಚಾಗುತ್ತಾ ಹೋಗುವ ದಾರಿಯಲ್ಲಿ ನಾನು ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಆ ಹಿರಿಯರು ತಮ್ಮ ಜಗಲಿಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು. ಎಂಬತ್ತು ದಾಟಿದ ಮುದುಕ, ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅಪ್ಪ ಮೆಲ್ಲಗೆ ಹೇಳಿದ್ದು ಅವರಿಗೆ ಮುಟ್ಟಲಿಲ್ಲ. ಇನ್ನೊಮ್ಮೆ ಹೇಳಿದ. ಯಾರು ಸುಳ್ಳು ಹೇಳಿದ್ದು, ಹುಡುಗಿಯಾ ಎಂದು ಅಜ್ಜ ಕೇಳಿದರು. ಅಲ್ಲ, ನಾನು ಎಂದು ಅಪ್ಪ ಕೂಗಬೇಕಾಯಿತು. ಒಂದೊಂದೇ ಪದವನ್ನು ಕೂಗಿ ಕೂಗಿ ಹೇಳುವಷ್ಟರಲ್ಲಿ ಎದುರಿನ ಹಿಟ್ಟಿನ ಗಿರಣಿಯಲ್ಲಿ ನಿಂತವರು, ನೀರು ತರುವವರು, ಎತ್ತು ಹೊಡೆದುಕೊಂಡು ಹೋಗುವವರು ಎಲ್ಲ ಅಲ್ಲಲ್ಲೇ ನಿಂತಿದ್ದರು. ಅಪ್ಪನ ಕುತ್ತಿಗೆಯ ನರ ಉಬ್ಬಿತ್ತು, ಕಣ್ಣಲ್ಲಿ ನೀರಿತ್ತು. ನಾನು ಅವನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಅಜ್ಜನಿಗೆ ಕೊನೆಗೂ ಪೂರ್ತಿ ತಿಳಿಯಿತು. ಶೇಂಗಾದ ಸಿಪ್ಪೆಯನ್ನು ಬೆರಳಲ್ಲಿ ಪುಡಿ ಮಾಡಿದರು.

"ಅಲ್ರೀ ಸಾಬ್ರೇ, ಒಂದು ಚೀಟಿ ಬರೆದು ಹಾಕಿದ್ರೆ ಆಗ್ತಿತ್ತು. ಇಷ್ಟು ದೂರ ಬಂದು ಬೀದಿ ಮುಂದೆ ಮರ್ಯಾದೆ ಕಳ್ಕಂಡ್ರಲ್ಲ."

"ಆ ಮಾತು ನಾನು ಬಾಯಲ್ಲಿ ಆಡಿದ್ದು ಅಜ್ಜಾರೇ. ಬಾಯಲ್ಲೇ ವಾಪಸ್ ತಗಬೇಕು."

ಅಜ್ಜ ಒಳಗೆ ಕೂಗಿ ರೊಟ್ಟಿ ತರಿಸಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಎರಡು ದಿನದಲ್ಲಿ ಅಪ್ಪ ಹೊಟ್ಟೆ ತುಂಬ ಉಂಡದ್ದು ಆಗಲೇ. ನಾನು ಮುಂದೆ ಶಾಲೆಯ ಟೀಚರಾಗಿ ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಪಾಠ ಮಾಡಿದೆ. ಸ್ಟಾಫ್ ರೂಮಿನಲ್ಲಿ ಒಮ್ಮೆ ಜೊತೆಯ ಶಿಕ್ಷಕಿಯೊಬ್ಬಳ ಬಗ್ಗೆ ಹೊಟ್ಟೆಕಿಚ್ಚಿನಿಂದ ಒಂದು ಮಾತು ಆಡಿದ್ದೆ. ಅದು ಆಗಾಗ ಎಂಬ ಪದಕ್ಕಿಂತ ದೊಡ್ಡದೇನೂ ಅಲ್ಲ. ಅವಳಿಗೆ ಅದರಿಂದ ವರ್ಗವಾಯಿತು. ಅವಳು ಹೋದ ಊರಿಗೆ ನೇರ ಬಸ್ಸಿತ್ತು. ನಾನು ಹತ್ತಲಿಲ್ಲ. ಅಪ್ಪನ ದೊಡ್ಡತನ ನನಗೆ ಪೂರ್ತಿ ಅರ್ಥವಾದದ್ದು ಜಗಳೂರಿನ ಬೀದಿಯಲ್ಲಲ್ಲ, ನಾನು ಹತ್ತದೇ ಬಿಟ್ಟ ಆ ಬಸ್ಸಿನ ಮುಂದೆ.

ಎಲ್ಲಕ್ಕಿಂತ ಕಷ್ಟದ ಪ್ರಯಾಣ ಓಣಿ ದಾಟಿ ಎದುರು ಮನೆಗೆ ಹೋಗುವುದಾಗಿತ್ತು. ಜಗಳೂರಿನಿಂದ ಬಂದ ಮರುದಿನ ಬೆಳಗ್ಗೆ ಅಪ್ಪ ಹೋದ. ಅವ್ವನೂ ನಾನೂ ಹಿಂದೆ ನಿಂತೆವು. ಗಿರಿಜತ್ತೆ ಅಂಗಳದಲ್ಲಿ ಉದ್ದು ಕೇರುತ್ತಿದ್ದಳು. ಅಪ್ಪ ಅದೇ ಮಾತು ಹೇಳಿದ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಹೋಗಿ ಬಂದದ್ದನ್ನೂ ಹೇಳಿದ. ಕ್ಷಮಿಸಿ ಎಂದು ಮಾತ್ರ ಕೇಳಲಿಲ್ಲ. ಅದನ್ನು ಕೇಳುವ ಹಕ್ಕು ತನಗಿಲ್ಲ ಎಂದುಕೊಂಡಿದ್ದನೋ ಏನೋ. ಗಿರಿಜತ್ತೆ ಮೊರ ಕೆಳಗಿಟ್ಟಳು. ಅವಳ ಬಾಯಿಂದ ಬಂದದ್ದು ಬೈಗುಳವಲ್ಲ.

"ನಾನು ನನ್ನ ನಾದಿನಿ ಬಾಯಿಗೆ ಮಣ್ಣು ಹಾಕಿ ಬಂದೀನಲ್ಲೋ ಇಮಾಮಣ್ಣ."

ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಅದೇ ಮಧ್ಯಾಹ್ನ ಬೇರೆ ಸೀರೆ ಉಟ್ಟು ಒಬ್ಬಳೇ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದದ್ದನ್ನು ನಾವು ಕಿಟಕಿಯಿಂದ ನೋಡಿದೆವು. ಕೆರೆಬಿಳಚಿಗೆ ಹೋಗಿ ನಾದಿನಿಯ ಅಂಗಳದಲ್ಲಿ, ತಾನು ಹಿಂದೆ ಬೈದ ಅದೇ ಜಾಗದಲ್ಲಿ ನಿಂತು, ಅಂದು ಕೇಳಿಸಿಕೊಂಡಿದ್ದ ನೆರೆಯವರನ್ನೆಲ್ಲ ಕರೆಸಿ, ತಪ್ಪು ನಂದು ಎಂದು ಹೇಳಿ ಬಂದಳಂತೆ. ಈ ವಿಷಯ ನಮಗೆ ತಿಳಿದದ್ದು ಸರೋಜಕ್ಕನಿಂದ. ಅಪ್ಪನನ್ನು ಮಾತ್ರ ಗಿರಿಜತ್ತೆ ಮಾತಾಡಿಸಲಿಲ್ಲ. ಒಂದು ವರ್ಷ ಕಳೆದರೂ ಮಾತಾಡಿಸಲಿಲ್ಲ. ಅಪ್ಪ ಅದಕ್ಕೆ ಗೊಣಗಲಿಲ್ಲ, ಯಾರನ್ನೂ ಸಂಧಾನಕ್ಕೆ ಕಳಿಸಲಿಲ್ಲ. ಅವಳು ಸಂಡಿಗೆ ಹಾಕುವ ದಿನ ಕೂಗಿ ಹೇಳುವುದನ್ನು ಬಿಟ್ಟಿದ್ದಳು. ಅಪ್ಪ ತಾನೇ ಬೆಳಗ್ಗೆ ಎದ್ದು ಅವರ ಅಂಗಳ ನೋಡುತ್ತಿದ್ದ. ಹಳೆಯ ಸೀರೆ ಹಾಸಿದ್ದು ಕಂಡರೆ ಅವತ್ತು ಬಿಲ್ಲು ಮುಟ್ಟುತ್ತಿರಲಿಲ್ಲ. ಮದುವೆ ತಿಂಗಳಲ್ಲಿ ಗಿರಾಕಿಗಳು ಬಂದು ಕೂಗಾಡಿದರೂ, ಇವತ್ತು ಹೊಲಿಗೆ ಕೆಲಸ ಐತ್ರಿ ಎಂದು ತಳ್ಳಿಹಾಕುತ್ತಿದ್ದ. ಪೇಟೆಯಲ್ಲಿ ಕೆಲವರು ಅವನನ್ನು ವಾಪಸ್ ಸಾಬಿ ಎಂದು ಕರೆಯತೊಡಗಿದರು. ಅವನು ನಕ್ಕು ಸುಮ್ಮನಾಗುತ್ತಿದ್ದ. ಮೂರು ವರ್ಷ ಬಿಟ್ಟಿದ್ದ ಆ ಕ್ಷೌರದ ಅಂಗಡಿಗೂ ಹೋಗಲು ಶುರು ಮಾಡಿದ್ದ.

ನಡುವೆ ಹೊನ್ನಾಳಿಯವರು ತಾವಾಗಿಯೇ ಮರಳಿ ಬಂದರು. ನಡೆದದ್ದು ನಡೆದುಹೋಯಿತು, ಹುಡುಗಿಯನ್ನು ಈಗಲೂ ತಂದುಕೊಳ್ಳುತ್ತೇವೆ ಎಂದರು. ಗಿರಿಜತ್ತೆಗೆ ಒಪ್ಪಿಕೊಳ್ಳುವ ಮನಸ್ಸಿತ್ತು. ಸರೋಜಕ್ಕ ಒಳಗಿನಿಂದ ಹೊರಗೆ ಬಂದಳು. ಗಂಡಿನವರ ಎದುರು ಹೆಣ್ಣು ಬಾಯಿ ತೆರೆಯುವ ಕಾಲವಲ್ಲ ಅದು.

"ಒಂದು ಮಾತು ಕೇಳಿ ಬಿಟ್ಟು ಹೋದ್ರಿ, ಇನ್ನೊಂದು ಮಾತು ಕೇಳಿ ಬಂದ್ರಿ. ನಾಳೆ ಮೂರನೇ ಮಾತು ಕೇಳಿದ್ರೆ ಏನ್ ಮಾಡ್ತೀರೋ ನನಗೆ ಗೊತ್ತಿಲ್ಲ. ಬ್ಯಾಡ್ರಿ."

ಅವರು ಎದ್ದು ಹೋದರು. ಗಿರಿಜತ್ತೆ ಮಗಳಿಗೆ ಬೈದಳು, ಓಣಿಯ ಹೆಂಗಸರು ಸರೋಜಳದು ಸೊಕ್ಕು ಎಂದರು. ಅವ್ವ ಮಾತ್ರ ಅವತ್ತು ಅವಳನ್ನು ನಮ್ಮ ಮನೆಗೆ ಕರೆದು ಶಾವಿಗೆ ಪಾಯಸ ಮಾಡಿ ಬಡಿಸಿದಳು. ಅವಳು ಉಣ್ಣುತ್ತಿರುವಾಗ ಅಪ್ಪ ಪಡಸಾಲೆಯಿಂದ ಒಳಗೆ ಬರಲಿಲ್ಲ. ತಾನು ಮುರಿದದ್ದನ್ನು ತಾನು ಎಷ್ಟು ಜೋಡಿಸಿದರೂ ಅದು ಮೊದಲಿನಂತೆ ಆಗಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮರು ವರ್ಷ ಸುಗ್ಗಿ ಮುಗಿದ ಮೇಲೆ ಜಗಳೂರಿನ ಆ ಅಜ್ಜ ತಮ್ಮ ಕಡೆಯ ಒಂದು ಮನೆಯವರನ್ನು ಸರೋಜಕ್ಕನನ್ನು ನೋಡಲು ಕಳಿಸಿದರು. ಹುಡುಗ ಜಗಳೂರಿನಲ್ಲೇ ಸೈಕಲ್ ಶಾಪ್ ಇಟ್ಟವನು. ನೋಡುವುದು, ಉಪ್ಪಿಟ್ಟು, ಎಲ್ಲ ಮುಗಿದ ಮೇಲೆ ಗಂಡಿನ ಕಡೆಯ ಹಿರಿಯರು, ನೆರೆಯವರನ್ನು ಒಂದು ಮಾತು ಕೇಳಿಕೊಂಡು ಹೋಗುತ್ತೇವೆ ಎಂದರಂತೆ. ಓಣಿಯಲ್ಲಿ ಗಿರಿಜತ್ತೆಗೆ ಬೇಕಾದವರು ಹತ್ತು ಮನೆಯವರಿದ್ದರು. ಅವಳು ನಮ್ಮ ಮನೆಯ ಕಡೆ ಕೈ ಮಾಡಿ ಹೇಳಿದ ಮಾತನ್ನು ಸರೋಜಕ್ಕ ಆಮೇಲೆ ನನಗೆ ಹೇಳಿದಳು.

"ಆ ಗಾದಿ ಮನೇಲಿ ಕೇಳ್ರಿ. ನನಗೂ ಅವರಿಗೂ ಮಾತಿಲ್ಲ. ಆದ್ರೆ ನನ್ನ ಮಗಳ ವಿಷಯದಾಗೆ ಆಯಪ್ಪ ಇನ್ನ ಸುಳ್ಳು ಹೇಳಲ್ಲ."

ಮೂವರು ಬಂದು ನಮ್ಮ ಪಡಸಾಲೆಯಲ್ಲಿ ಕೂತರು. ಗಿರಿಜತ್ತೆಯೇ ಕಳಿಸಿದ್ದು ಎಂಬುದನ್ನೂ ಹೇಳಿದರು. ಅಪ್ಪ ಸೂಜಿಯನ್ನು ಗಾದಿಗೆ ಚುಚ್ಚಿ ನಿಲ್ಲಿಸಿದ. ಹೊಗಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಬೇಕೇ? ಅವನು ಹೊಗಳಲಿಲ್ಲ. ಹುಡುಗಿ ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಉಪವಾಸದ ದಿನ ಬಿಸಿಲಿಗೆ ತಲೆ ತಿರುಗಿ ಒಂದು ಸಲ ಬಿದ್ದಿದ್ದಳು, ನಾನೇ ಎತ್ತಿದ್ದೆ, ಆಮೇಲೆ ನಾನು ನೋಡಿದಂತೆ ಬಿದ್ದಿಲ್ಲ ಎಂದ. ತಾಯಿಯ ನಾಲಿಗೆ ಚೂಪು, ಆದರೆ ಆಕೆ ಅಂದದ್ದು ನಿಜವೇ ಇರುತ್ತದೆ ಎಂದ. ಮಗಳು ಮುಖದ ಮೇಲೆ ಹೇಳುವವಳು, ಅದು ನಿಮಗೆ ಸರಿ ಕಂಡರೆ ನೋಡಿ, ಇಲ್ಲವಾದರೆ ಬೇಡ ಎಂದ. ಆ ಸಂಬಂಧ ಕೂಡಿಬಂತು. ಸರೋಜಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಜಗಳೂರಿನಲ್ಲೇ ಇದ್ದಾಳೆ. ಫೋನಿನಲ್ಲಿ ಮಾತಾಡುವಾಗ ಮೊಮ್ಮಗನ ಮೇಲೆ ಅವಳು ರೇಗುವ ದನಿ ಕೇಳಿದರೆ ಅಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ ಅನಿಸುತ್ತದೆ. ಗಿರಿಜತ್ತೆ ಆ ಮದುವೆಯ ಮನೆಯಲ್ಲಿ ಅಪ್ಪನನ್ನು ಮತ್ತೆ ಇಮಾಮಣ್ಣ ಎಂದು ಕರೆದಳು.

ಆ ದಿನ ಜಗಳೂರಿನವರು ಕೈ ಮುಗಿದು ಎದ್ದು ಹೋದ ಮೇಲೆ ಅಪ್ಪ ಕೂತಲ್ಲೇ ಇದ್ದ. ನಾನು ಮೂಲೆಯಲ್ಲಿ ಪುಸ್ತಕ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ಅವನು ನನ್ನ ಕಡೆ ತಿರುಗಿದ. ದೊಡ್ಡವರನ್ನು ಕೇಳುವ ಹಾಗೆ ನನ್ನನ್ನು ಕೇಳಿದ.

"ಕಾಸೀ, ನಾನು ಹೇಳಿದ್ರಾಗೆ ಏನಾದ್ರೂ ಹೆಚ್ಚುಕಮ್ಮಿ ಆತೇನಮ್ಮ?"

ನಾನು ಒಂದೊಂದೇ ಮಾತನ್ನು ಮನಸ್ಸಿನಲ್ಲಿ ಮತ್ತೆ ಹೇಳಿಕೊಂಡು ನೋಡಿದೆ. ಇಲ್ಲಪ್ಪ, ಎಲ್ಲ ಸರಿ ಐತೆ ಎಂದೆ. ಅವನು ಸರಿ ಎಂಬಂತೆ ತಲೆಯಾಡಿಸಿ, ಎದ್ದು ಒಳಗೆ ಹೋಗಿ, ಒಂದು ಚೊಂಬು ನೀರನ್ನು ನಿಂತಲ್ಲೇ ಕುಡಿದ.